ಸೆನೆಟ್ಟಿನ ಮೌನ ಸಮ್ಮತಿಯಲ್ಲ: ಕರ್ನಾಟಕದ ಸಂಸದರಿಗೊಂದು ಬಹಿರಂಗ ಪತ್ರ

ಕರ್ನಾಟಕದಿಂದ ಲೋಕಸಭೆಗೆ ಹೋಗಿರುವ 28 ಮಂದಿಗೂ ರಾಜ್ಯಸಭೆಯಲ್ಲಿರುವ 12 ಮಂದಿಗೂ ನಮಸ್ಕಾರ.

ಮಾನ್ಯರೇ,

ಮುಖ್ಯ ಚುನಾವಣಾ ಆಯುಕ್ತರನ್ನು ಸರ್ಕಾರ ತಾನೇ ಆರಿಸಿಕೊಳ್ಳುವುದು ಬೇಡ, ಅಮೆರಿಕದ ಮೇಲ್ಮನೆಯಾದ ಸೆನೆಟ್ ಮಾಡುವ ಹಾಗೆ ನಮ್ಮ ಸಂಸತ್ತೂ ಹೆಸರನ್ನು ತೂಗಿ ನೋಡಿ ಒಪ್ಪಿಗೆ ಕೊಡಲಿ ಎಂಬ ಮಾತು 2023ರ ಡಿಸೆಂಬರಿನಲ್ಲಿ ಆಯುಕ್ತರ ನೇಮಕದ ಹೊಸ ಕಾಯ್ದೆ ಬಂದಂದಿನಿಂದ ಆಗಾಗ ಕೇಳುತ್ತಿದೆ. ಆ ಬೇಡಿಕೆಗೆ ನಮ್ಮ ವಿರೋಧವಿಲ್ಲ, ಬೆಂಬಲವೇ ಇದೆ. ಆದರೆ 'ಅಮೆರಿಕದ ಹಾಗೆ' ಎನ್ನುವ ಹೆಚ್ಚಿನವರ ಕಣ್ಣಿಗೆ ಕಟ್ಟಿರುವುದು ಟಿವಿಯಲ್ಲಿ ಬರುವ ವಿಚಾರಣೆಯ ದೃಶ್ಯ: ಎತ್ತರದ ಪೀಠದಲ್ಲಿ ಸೆನೆಟರುಗಳು, ಕೆಳಗೆ ಮೇಜಿನ ಹಿಂದೆ ಒಬ್ಬಂಟಿ ಅಭ್ಯರ್ಥಿ. ಆ ಯಂತ್ರದ ನಿಜವಾದ ಬಲ ಕಡತದಲ್ಲಿದೆ, ಕ್ಯಾಲೆಂಡರಿನಲ್ಲಿದೆ, ಸದನ ಏನೂ ಮಾಡದೆ ಕೂತರೆ ಏನಾಗುತ್ತದೆ ಎಂಬ ನಿಯಮದಲ್ಲಿದೆ. ಶಾಸನಸಭೆಗಳ ನಿಯಮಾವಳಿ ಓದುವುದೇ ಕಸುಬಾಗಿರುವ ನಾವು ಕೆಲವರು ಸೇರಿ ಆ ಯಂತ್ರವನ್ನು ಬಿಚ್ಚಿ ತೋರಿಸಲು ಈ ಪತ್ರ ಬರೆಯುತ್ತಿದ್ದೇವೆ. ಆಮದು ಮಾಡಿಕೊಳ್ಳುವ ಮೊದಲು ಒಳಗೇನಿದೆ ಎಂದು ನೋಡಿಕೊಳ್ಳುವುದು ಒಳ್ಳೆಯದು.

ಹಿಂದೆ ಮದುವೆ ಮಾತುಕತೆಯಲ್ಲಿ ಹುಡುಗಿ ತಲೆ ತಗ್ಗಿಸಿ ಕೂತರೆ 'ಮೌನಂ ಸಮ್ಮತಿ ಲಕ್ಷಣಂ' ಎಂದು ಹಿರಿಯರು ತಾಂಬೂಲ ಬದಲಾಯಿಸಿಬಿಡುತ್ತಿದ್ದರು. ವಾಷಿಂಗ್ಟನ್ನಿನಲ್ಲಿ ಈ ಶಾಸ್ತ್ರ ತಲೆಕೆಳಗು. ಅಲ್ಲಿ ಸೆನೆಟ್ ಸುಮ್ಮನಿದ್ದರೆ ನೇಮಕ ಬಿದ್ದುಹೋಗುತ್ತದೆ. 2016ರ ಮಾರ್ಚ್ 16ರಂದು ಅಧ್ಯಕ್ಷ ಒಬಾಮಾ ಸುಪ್ರೀಂ ಕೋರ್ಟಿಗೆ ಮೆರಿಕ್ ಗಾರ್ಲೆಂಡ್ ಅವರ ಹೆಸರು ಸೂಚಿಸಿದರು. ಬಹುಮತ ಹೊಂದಿದ್ದ ರಿಪಬ್ಲಿಕನ್ ಪಕ್ಷ ವಿಚಾರಣೆ ನಡೆಸಲಿಲ್ಲ, ಸಮಿತಿಯಲ್ಲಿ ಮತಕ್ಕೆ ಹಾಕಲಿಲ್ಲ, ಸದನಕ್ಕೆ ತರಲಿಲ್ಲ. 293 ದಿನಗಳ ನಂತರ, 2017ರ ಜನವರಿ 3ರಂದು, ಆ ಸೆನೆಟ್ಟಿನ ಅವಧಿಯೊಂದಿಗೆ ಆ ಹೆಸರೂ ಮುಗಿಯಿತು. 'ಬೇಡ' ಎಂದು ಒಂದೇ ಒಂದು ಮತವೂ ದಾಖಲಾಗಲಿಲ್ಲ.

ಸಂಪುಟಕ್ಕೆ ಸೂಚಿಸಿದವರ ಪೈಕಿ ಸೆನೆಟ್ ಮತ ಹಾಕಿ ತಿರಸ್ಕರಿಸಿದ್ದು ಇಡೀ ಚರಿತ್ರೆಯಲ್ಲಿ 9 ಮಂದಿಯನ್ನು ಮಾತ್ರ. ಕೊನೆಯವರು ರಕ್ಷಣಾ ಖಾತೆಗೆ ಹೆಸರಾಗಿದ್ದ ಜಾನ್ ಟವರ್. 1989ರ ಮಾರ್ಚಿನಲ್ಲಿ 47-53ರಿಂದ ಸೋತರು. (ಇವರಲ್ಲೊಬ್ಬರು, ಕೇಲಬ್ ಕುಶಿಂಗ್, 1843ರ ಮಾರ್ಚ್ 3ರಂದು ಒಂದೇ ದಿನದಲ್ಲಿ ಮೂರು ಸಲ ತಿರಸ್ಕೃತರಾದರು. ಅಧ್ಯಕ್ಷ ಟೈಲರ್ ಹಟ ಬಿಡದೆ ಅದೇ ಹೆಸರನ್ನು ಮತ್ತೆ ಮತ್ತೆ ಕಳಿಸುತ್ತಲೇ ಇದ್ದರು.) ಈ ಸಣ್ಣ ಸಂಖ್ಯೆ ನೋಡಿ ಸೆನೆಟ್ ಬರೀ ರಬ್ಬರ್ ಸ್ಟಾಂಪು ಎನ್ನುವವರಿದ್ದಾರೆ. ಅವರು ಎಣಿಸುತ್ತಿರುವುದೇ ತಪ್ಪು ರಾಶಿಯನ್ನು. ಸೋಲುವ ಹೆಸರುಗಳು ಮತದ ತನಕ ಬರುವುದೇ ಇಲ್ಲ. ದಾರಿಯಲ್ಲೇ ಹಿಂದೆ ಸರಿಯುತ್ತವೆ, ಇಲ್ಲವೇ ಇದ್ದಲ್ಲೇ ಕೊಳೆಯುತ್ತವೆ.

ಇದಕ್ಕೆ ಮೂಲ ಸಂವಿಧಾನದಲ್ಲೇ ಇದೆ. ಎರಡನೇ ವಿಧಿಯ ಎರಡನೇ ಭಾಗ ಹೇಳುವುದಿಷ್ಟು: ಅಧ್ಯಕ್ಷರು ಹೆಸರು ಸೂಚಿಸಬೇಕು, ಸೆನೆಟ್ಟಿನ ಸಲಹೆ ಮತ್ತು ಒಪ್ಪಿಗೆ ಪಡೆದು ರಾಯಭಾರಿಗಳನ್ನೂ ನ್ಯಾಯಾಧೀಶರನ್ನೂ ಉಳಿದ ಅಧಿಕಾರಿಗಳನ್ನೂ ನೇಮಿಸಬೇಕು. ಎಷ್ಟು ದಿನದೊಳಗೆ ಒಪ್ಪಬೇಕು, ಒಪ್ಪದಿದ್ದರೆ ಕಾರಣ ಕೊಡಬೇಕೇ, ಉತ್ತರವೇ ಬಾರದಿದ್ದರೆ ಏನು, ಈ ಮೂರಕ್ಕೂ ಅಲ್ಲಿ ಉತ್ತರವಿಲ್ಲ. 1789ರಲ್ಲೇ ಇದರ ಬಿಸಿ ತಟ್ಟಿತ್ತು. ಜಾರ್ಜಿಯಾ ರಾಜ್ಯದ ಸವಾನಾ ಬಂದರಿನ ಅಧಿಕಾರಿ ಹುದ್ದೆಗೆ ಜಾರ್ಜ್ ವಾಷಿಂಗ್ಟನ್ ಸೂಚಿಸಿದ ಬೆಂಜಮಿನ್ ಫಿಶ್‌ಬರ್ನ್ ಹೆಸರನ್ನು ಸೆನೆಟ್ ತಳ್ಳಿಹಾಕಿತು. ಆ ರಾಜ್ಯದ ಸೆನೆಟರಿಗೆ ಅವರು ಬೇಕಿರಲಿಲ್ಲ. 'ನಮ್ಮೂರಿನ ಹುದ್ದೆಗೆ ನಮ್ಮನ್ನು ಕೇಳಿ' ಎಂಬ ಪದ್ಧತಿ ಅಂದೇ ಬೇರು ಬಿಟ್ಟಿತು, ಇವತ್ತಿಗೂ ಒಣಗಿಲ್ಲ.

ಈಗ ಹಂತ ಹಂತವಾಗಿ ನೋಡೋಣ. ಸೆನೆಟ್ಟಿನ ಒಪ್ಪಿಗೆ ಬೇಕಾದ ನಾಗರಿಕ ಹುದ್ದೆಗಳು ಸುಮಾರು 1,300. ಸೇನಾಧಿಕಾರಿಗಳ ಬಡ್ತಿಗಳು ಇದರ ಹೊರಗೆ. ಅವು ಎರಡು ವರ್ಷದ ಒಂದು ಅವಧಿಯಲ್ಲಿ ಹತ್ತಾರು ಸಾವಿರ.

ಹೆಸರು ಸೆನೆಟ್ ತಲುಪುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ. ಅಧ್ಯಕ್ಷರ ಕಚೇರಿ ಆರಿಸಿದ ವ್ಯಕ್ತಿ ಎರಡು ದೊಡ್ಡ ಫಾರಂ ತುಂಬಬೇಕು. ಮೊದಲನೆಯದು ಎಸ್‌ಎಫ್-86, ನೂರು ಪುಟ ದಾಟುವ ಇದರಲ್ಲಿ ಎಲ್ಲೆಲ್ಲಿ ವಾಸವಿದ್ದಿರಿ, ಎಲ್ಲಿ ಕೆಲಸ ಮಾಡಿದಿರಿ, ಯಾವ ವಿದೇಶಿಯರೊಂದಿಗೆ ಒಡನಾಟವಿದೆ ಎಂದೆಲ್ಲ ಬರೆಯಬೇಕು. ಅದನ್ನು ಹಿಡಿದು ತನಿಖಾ ಸಂಸ್ಥೆ ಎಫ್‌ಬಿಐ ನೆರೆಹೊರೆಯವರನ್ನೂ ಹಳೆಯ ಸಹೋದ್ಯೋಗಿಗಳನ್ನೂ ಮಾತಾಡಿಸುತ್ತದೆ. ಎರಡನೆಯದು ಆಸ್ತಿಪಾಸ್ತಿಯ 278ಇ. ಚುನಾವಣೆಗೆ ನಿಲ್ಲುವಾಗ ನೀವು ಸಲ್ಲಿಸುವ ನಮೂನೆ 26ರ ಪ್ರಮಾಣಪತ್ರದ ದೊಡ್ಡಣ್ಣ ಎನ್ನಬಹುದು, ಆದರೆ ಕೇಳುವ ಪ್ರಶ್ನೆ ಬೇರೆ. ನಮೂನೆ 26 ಎಷ್ಟಿದೆ ಎಂದು ಕೇಳುತ್ತದೆ. 278ಇ ಮೊತ್ತವನ್ನು 1,001ರಿಂದ 15,000 ಡಾಲರ್, 15,001ರಿಂದ 50,000 ಎಂಬಂತೆ ಅಂದಾಜು ಮೆಟ್ಟಿಲುಗಳಲ್ಲಿ ಬರೆದರೆ ಸಾಕೆನ್ನುತ್ತದೆ. ಅದಕ್ಕೆ ಮುಖ್ಯವಾಗಿ ಬೇಕಿರುವುದು ಯಾರ ಹಂಗು ಇದೆ ಎಂಬ ವಿವರ. ಸಂಗಾತಿಯ ಸಂಬಳ ಎಲ್ಲಿಂದ, ಯಾವ ಕಕ್ಷಿದಾರ ವರ್ಷಕ್ಕೆ 5,000 ಡಾಲರಿಗಿಂತ ಹೆಚ್ಚು ಕೊಟ್ಟಿದ್ದಾನೆ, ಹಳೆಯ ಕಂಪನಿಗೆ ಮರಳುವ ಒಪ್ಪಂದವೇನಾದರೂ ಇದೆಯೇ ಎಂದು ಕೆದಕುತ್ತದೆ.

ಇದನ್ನು ಸರ್ಕಾರಿ ನೈತಿಕತೆಯ ಪ್ರತ್ಯೇಕ ಕಚೇರಿ ಸಾಲುಸಾಲಾಗಿ ನೋಡುತ್ತದೆ. ಹುದ್ದೆಗೂ ಹೂಡಿಕೆಗೂ ತಿಕ್ಕಾಟ ಕಂಡರೆ ಷೇರು ಮಾರುತ್ತೇನೆ, ಈ ಈ ವಿಷಯದ ಕಡತ ಮುಟ್ಟುವುದಿಲ್ಲ ಎಂದು ಅಭ್ಯರ್ಥಿ ಬರೆದುಕೊಡಬೇಕು. ಮಾರಾಟಕ್ಕೆ ಸಾಮಾನ್ಯವಾಗಿ ಸಿಗುವುದು ಒಪ್ಪಿಗೆ ಸಿಕ್ಕ ಮೇಲೆ 90 ದಿನ. ಕಡ್ಡಾಯವಾಗಿ ಮಾರಿಸಿ ತೆರಿಗೆಯ ಹೊರೆಯನ್ನೂ ಹೇರಿದರೆ ಯಾರೂ ಬರುವುದಿಲ್ಲವಾದ್ದರಿಂದ, ಮಾರಿದ ಹಣವನ್ನು ಸರ್ಕಾರಿ ಬಾಂಡಿನಂಥ ನಿರಪಾಯಕಾರಿ ಹೂಡಿಕೆಯಲ್ಲಿಟ್ಟರೆ ಬಂಡವಾಳ ಲಾಭದ ತೆರಿಗೆಯನ್ನು ಮುಂದೂಡುವ ಒಂದು ಪ್ರಮಾಣಪತ್ರವನ್ನೂ ಕೊಡುತ್ತಾರೆ. ಈ ಚಿಕ್ಕ ಜಾಣತನ ನಮಗೆ ತುಂಬ ಹಿಡಿಸಿದೆ.

ಹೆಸರುಗಳು ಹೆಚ್ಚಾಗಿ ಮುಗ್ಗರಿಸುವುದು ಇಲ್ಲಿಯೇ. 1993ರಲ್ಲಿ ಅಟಾರ್ನಿ ಜನರಲ್ ಹುದ್ದೆಗೆ ಸೂಚಿತರಾಗಿದ್ದ ಜೋಯಿ ಬೇರ್ಡ್, ದಾಖಲೆಗಳಿಲ್ಲದ ವಲಸಿಗರನ್ನು ಮನೆಗೆಲಸಕ್ಕೆ ಇಟ್ಟುಕೊಂಡು ಅವರ ಸಾಮಾಜಿಕ ಭದ್ರತೆಯ ತೆರಿಗೆ ಕಟ್ಟಿರಲಿಲ್ಲವೆಂದು ಹಿಂದೆ ಸರಿಯಬೇಕಾಯಿತು. 2009ರಲ್ಲಿ ಆರೋಗ್ಯ ಖಾತೆಗೆ ಹೆಸರಾಗಿದ್ದ ಟಾಮ್ ಡಾಶಲ್, ಹಳೆಯ ಸೆನೆಟ್ ನಾಯಕರೇ ಆಗಿದ್ದರೂ, ಗೆಳೆಯರೊಬ್ಬರು ಕೊಟ್ಟ ಕಾರು ಮತ್ತು ಚಾಲಕನ ಸೇವೆಗೆ ತೆರಿಗೆ ಕಟ್ಟದ ಕಾರಣಕ್ಕೆ ಕೈಬಿಟ್ಟರು. ಇಬ್ಬರ ಮೇಲೂ ಸದನದಲ್ಲಿ ಮತ ನಡೆಯಲಿಲ್ಲ. ಕಾಗದ ಮಾತಾಡಿತು.

ಕಾಗದಪತ್ರ ಸರಿಯಾದರೆ ಅಧ್ಯಕ್ಷರ ಸಹಿಯುಳ್ಳ ಸಂದೇಶ ಸೆನೆಟ್ಟಿಗೆ ಬರುತ್ತದೆ. ಅದಕ್ಕೊಂದು 'ಪಿಎನ್' ಸಂಖ್ಯೆ ಬಿದ್ದು ಸಂಬಂಧಿಸಿದ ಸಮಿತಿಗೆ ಹೋಗುತ್ತದೆ: ರಾಯಭಾರಿಯಾದರೆ ವಿದೇಶಾಂಗ ಸಮಿತಿ, ನ್ಯಾಯಾಧೀಶರಾದರೆ ನ್ಯಾಯಾಂಗ ಸಮಿತಿ, ಚುನಾವಣಾ ಹಣಕಾಸಿನ ಆಯುಕ್ತರಾದರೆ ನಿಯಮಾವಳಿ ಸಮಿತಿ. ಸಮಿತಿ ತನ್ನದೇ ಪ್ರಶ್ನಾವಳಿ ಕಳಿಸುತ್ತದೆ. ವಿಚಾರಣೆಗೆ ಸಾಮಾನ್ಯವಾಗಿ ಒಂದು ವಾರದ ಮುನ್ಸೂಚನೆ ಬೇಕು. ಟಿವಿಯಲ್ಲಿ ನಾವು ನೋಡುವುದು ಎರಡು ಮೂರು ಗಂಟೆಯ ಈ ಭಾಗವನ್ನಷ್ಟೇ. ಕ್ಯಾಮೆರಾ ಆರಿದ ಮೇಲೆ ಸದಸ್ಯರು ಲಿಖಿತ ಪ್ರಶ್ನೆಗಳನ್ನು ಕಳಿಸುತ್ತಾರೆ, ವಿವಾದಿತ ಹೆಸರಾದರೆ ನೂರುಗಟ್ಟಲೆ. ಉತ್ತರ ತಡವಾದಷ್ಟೂ ಸಮಿತಿಯ ಮತ ಮುಂದಕ್ಕೆ ಹೋಗುತ್ತದೆ. ಸಮಿತಿಯ ಬಹುಪಾಲು ಸದಸ್ಯರು ಖುದ್ದು ಹಾಜರಿದ್ದರೆ ಮಾತ್ರ ವರದಿ ಸದನಕ್ಕೆ ಹೋಗುವುದು. ಸಹಿ ಮಾಡಿಟ್ಟು ಎದ್ದುಹೋದರೆ ನಡೆಯುವುದಿಲ್ಲ.

ಜಿಲ್ಲಾ ಮಟ್ಟದ ಫೆಡರಲ್ ನ್ಯಾಯಾಧೀಶರ ವಿಷಯದಲ್ಲಿ ಇನ್ನೊಂದು ಕೊಕ್ಕೆ ಇದೆ. ನ್ಯಾಯಾಂಗ ಸಮಿತಿ ಆ ರಾಜ್ಯದ ಇಬ್ಬರು ಸೆನೆಟರುಗಳಿಗೆ ನೀಲಿ ಬಣ್ಣದ ಚೀಟಿ ಕಳಿಸುತ್ತದೆ. ಚೀಟಿ ಮರಳಿ ಬಾರದಿದ್ದರೆ ಹೆಸರು ಮುಂದೆ ಹೋಗದು. ಇದು ಸಂವಿಧಾನದಲ್ಲಿಲ್ಲ, ಕಾನೂನಿನಲ್ಲಿಲ್ಲ, ಸೆನೆಟ್ಟಿನ ನಿಯಮಾವಳಿಯಲ್ಲೂ ಇಲ್ಲ. ಕಳೆದ ಶತಮಾನದ ಎರಡನೇ ದಶಕದಿಂದ ನಡೆದುಬಂದ ವಾಡಿಕೆ. ಮೇಲ್ಮನವಿ ನ್ಯಾಯಾಲಯದ ಹುದ್ದೆಗಳಿಗೆ ಈ ಚೀಟಿಯ ಬಲ ಟ್ರಂಪ್ ಅವರ ಮೊದಲ ಅವಧಿಯಲ್ಲಿ ಮುರಿದುಬಿತ್ತು, ಜಿಲ್ಲಾ ಹುದ್ದೆಗಳಿಗೆ ಉಳಿದುಕೊಂಡಿತು.

ಇನ್ನು ಸದನ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಮಾತು ಹುಟ್ಟಿದ್ದೇ ಈ ಹಂತಕ್ಕಾಗಿ ಎನಿಸುತ್ತದೆ. ಸಮಿತಿ ಒಪ್ಪಿದ ಹೆಸರು ಒಂದು ಪಟ್ಟಿಯಲ್ಲಿ ಕೂರುತ್ತದೆ. ಅದನ್ನು ಯಾವಾಗ ಎತ್ತಿಕೊಳ್ಳಬೇಕೆಂಬುದು ಬಹುಮತದ ನಾಯಕನ ಕೈಯಲ್ಲಿ. ಯಾರ ತಕರಾರೂ ಇಲ್ಲದಿದ್ದರೆ ಸರ್ವಾನುಮತದಿಂದ ಹತ್ತಾರು ಹೆಸರು ಒಂದೇ ನಿಮಿಷದಲ್ಲಿ ಮುಗಿಯುತ್ತವೆ. ನೂರರಲ್ಲಿ ಒಬ್ಬ ಸೆನೆಟರ್ ತಡೆ ಹಾಕಿದರೂ ಸಾಕು, ಉದ್ದದ ದಾರಿ ಹಿಡಿಯಬೇಕು. ಚರ್ಚೆ ಮುಗಿಸುವ ಗೊತ್ತುವಳಿಗೆ 16 ಮಂದಿ ಸಹಿ ಹಾಕಬೇಕು. ಸೋಮವಾರ ಸಲ್ಲಿಸಿದರೆ ನಡುವೆ ಒಂದು ದಿನ ಕಳೆದು ಬುಧವಾರ ಅದು ಮತಕ್ಕೆ ಬರುತ್ತದೆ. ಗೆದ್ದ ಮೇಲೂ ಸಂಪುಟ ಸ್ಥಾನ, ಸುಪ್ರೀಂ ಕೋರ್ಟ್, ಮೇಲ್ಮನವಿ ನ್ಯಾಯಾಲಯದ ಹೆಸರಾದರೆ 30 ಗಂಟೆ, ಉಳಿದ ಬಹುತೇಕ ಹುದ್ದೆಗಳಿಗೆ 2 ಗಂಟೆ ಚರ್ಚೆಗೆ ಅವಕಾಶ. ಆಮೇಲೆ ಅಂತಿಮ ಮತ. ಲೆಕ್ಕ ಹಾಕಿ ನೋಡಿ: 1,300 ಹೆಸರಿಗೂ ತಲಾ 2 ಗಂಟೆಯೆಂದರೆ 2,600 ಗಂಟೆ. ದಿನಕ್ಕೆ 8 ಗಂಟೆಯಂತೆ ಕೂತರೂ 325 ದಿನ, ಒಂದೇ ಒಂದು ಮಸೂದೆಯನ್ನೂ ಮುಟ್ಟದೆ. ಹಾಗಾಗಿ 'ನನ್ನ ತಕರಾರಿದೆ' ಎನ್ನುವ ಸೆನೆಟರ್ ಹೆಸರನ್ನು ಸೋಲಿಸಬೇಕಾಗಿಲ್ಲ, ಸದನದ ಸಮಯ ತಿಂದರೆ ಸಾಕು.

ಈ ಕಟ್ಟು ಸಡಿಲಿಸಲು ಎರಡೂ ಪಕ್ಷಗಳು ಸರದಿಯಂತೆ ನಿಯಮ ಮುರಿದಿವೆ. ಚರ್ಚೆ ಮುಗಿಸಲು 60 ಮತ ಬೇಕಿದ್ದದ್ದನ್ನು 2013ರ ನವೆಂಬರ್ 21ರಂದು ಡೆಮಾಕ್ರಾಟರು 52-48ರಿಂದ ಸರಳ ಬಹುಮತಕ್ಕೆ ಇಳಿಸಿ, ಸುಪ್ರೀಂ ಕೋರ್ಟನ್ನು ಮಾತ್ರ ಹೊರಗಿಟ್ಟರು. 2017ರ ಏಪ್ರಿಲಿನಲ್ಲಿ ರಿಪಬ್ಲಿಕನ್ನರು ಆ ವಿನಾಯಿತಿಯನ್ನೂ ತೆಗೆದರು. 30 ಗಂಟೆಯನ್ನು 2ಕ್ಕೆ ಇಳಿಸಿದ್ದು 2019ರ ಏಪ್ರಿಲಿನಲ್ಲಿ. 2025ರ ಸೆಪ್ಟೆಂಬರಿನಲ್ಲಿ ಕೆಳಹಂತದ ಹೆಸರುಗಳನ್ನು ಕಟ್ಟು ಕಟ್ಟಿ ಒಂದೇ ಮತಕ್ಕೆ ಹಾಕುವ ದಾರಿ ತೆರೆದರು: ಮೊದಲ ಕಟ್ಟಿನಲ್ಲಿ 48 ಹೆಸರು, ಅಕ್ಟೋಬರಿನ ಕಟ್ಟಿನಲ್ಲಿ 107. ಒಬ್ಬೊಬ್ಬರನ್ನೂ ತೂಗಿ ನೋಡುವ ವ್ಯವಸ್ಥೆಯೆಂದು ಹೊಗಳುವವರು ಈ 107ನ್ನು ನೆನಪಿಟ್ಟುಕೊಳ್ಳಬೇಕು. ವಿಳಂಬಕ್ಕೆ ಮಿತಿ ಹಾಕದಿದ್ದರೆ ಕೊನೆಗೆ ಪರಿಶೀಲನೆಯೇ ಸಾಯುತ್ತದೆ.

ಮತಗಳ ಗೆರೆ ಇಳಿಸಿದೊಡನೆ ದಾರಿ ಸಲೀಸಾಗುತ್ತದೆ ಎಂಬುದೂ ಭ್ರಮೆಯೇ. ಇದಕ್ಕೆ ಮಂಡ್ಯದ ನಂಟಿರುವ ಉದಾಹರಣೆಯೇ ಇದೆ. ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿ ಅವರನ್ನು ಒಬಾಮಾ ಸರ್ಜನ್ ಜನರಲ್ (ಸಾರ್ವಜನಿಕ ಆರೋಗ್ಯದ ವಿಷಯದಲ್ಲಿ ಸರ್ಕಾರದ ಮುಖ್ಯ ವಕ್ತಾರ) ಹುದ್ದೆಗೆ ಸೂಚಿಸಿದ್ದು 2013ರ ನವೆಂಬರಿನಲ್ಲಿ, ಅಂದರೆ ನಿಯಮ ಸಡಿಲಿಸಿದ ತಿಂಗಳಲ್ಲೇ. ಡೆಮಾಕ್ರಾಟರಿಗೇ ಬಹುಮತವಿತ್ತು. 2014ರ ಫೆಬ್ರವರಿಯಲ್ಲಿ ಸಮಿತಿಯ ವಿಚಾರಣೆಯೂ ಆಯಿತು. ಆದರೆ ಬಂದೂಕಿನ ಹಿಂಸೆ ಆರೋಗ್ಯದ ಪ್ರಶ್ನೆ ಎಂದು ಅವರು ಹಿಂದೆ ಹೇಳಿದ್ದನ್ನು ಹಿಡಿದು ಬಂದೂಕು ಮಾಲೀಕರ ಪ್ರಬಲ ಸಂಘ ವಿರೋಧಕ್ಕಿಳಿಯಿತು. ಆ ವರ್ಷ ಚುನಾವಣೆ ಎದುರಿಸಬೇಕಿದ್ದ ಸ್ವಪಕ್ಷದ ಸೆನೆಟರುಗಳೇ ಹಿಂಜರಿದರು. ಮತಕ್ಕೇ ಹಾಕಲಿಲ್ಲ. ಎಬೋಲಾ ಹಬ್ಬಿ ಊರೆಲ್ಲ ಗಾಬರಿಯಾಗಿದ್ದ ಕಾಲದಲ್ಲೂ ದೇಶಕ್ಕೆ ಪೂರ್ಣಾವಧಿಯ ಸರ್ಜನ್ ಜನರಲ್ ಇರಲಿಲ್ಲ. ಚುನಾವಣೆ ಮುಗಿದು, ಬಹುಮತ ಕಳೆದುಕೊಂಡು, ಹೊಸ ಸೆನೆಟ್ ಬರಲು ಕೆಲವೇ ವಾರ ಉಳಿದಿದ್ದಾಗ, 2014ರ ಡಿಸೆಂಬರ್ 15ರಂದು, 51-43ರಿಂದ ಒಪ್ಪಿಗೆ ಸಿಕ್ಕಿತು. ಅವರ ಅರ್ಹತೆ ಆ ಹದಿಮೂರು ತಿಂಗಳಲ್ಲಿ ಹೆಚ್ಚಾಗಿಯೂ ಇರಲಿಲ್ಲ, ಕಡಿಮೆಯಾಗಿಯೂ ಇರಲಿಲ್ಲ, ಬದಲಾದದ್ದು ಕ್ಯಾಲೆಂಡರ್.

ಹೆಸರಿಗೂ ಜಗಳಕ್ಕೂ ಸಂಬಂಧವೇ ಇರದ ತಡೆಗಳೂ ಇವೆ. ರಕ್ಷಣಾ ಇಲಾಖೆಯ ಗರ್ಭಪಾತ ಪ್ರಯಾಣಭತ್ಯೆಯ ನೀತಿ ಇಷ್ಟವಾಗಲಿಲ್ಲವೆಂದು ಅಲಬಾಮಾದ ಸೆನೆಟರ್ ಟಾಮಿ ಟ್ಯೂಬರ್‌ವಿಲ್ 2023ರ ಫೆಬ್ರವರಿಯಿಂದ ಡಿಸೆಂಬರಿನವರೆಗೆ ಸೇನೆಯ ಬಡ್ತಿಗಳಿಗೆ ಒಟ್ಟಾಗಿ ಅಡ್ಡಗಾಲು ಹಾಕಿದರು. 400ಕ್ಕೂ ಹೆಚ್ಚು ಅಧಿಕಾರಿಗಳು ಸಿಕ್ಕಿಕೊಂಡರು. ಮರೀನ್ ದಳಕ್ಕೆ 164 ವರ್ಷಗಳಲ್ಲಿ ಮೊದಲ ಬಾರಿಗೆ ಸೆನೆಟ್ ಒಪ್ಪಿದ ಮುಖ್ಯಸ್ಥರಿಲ್ಲದಂತಾಯಿತು. ಆ ಅಧಿಕಾರಿಗಳಾರೂ ಆ ನೀತಿ ಮಾಡಿದವರಲ್ಲ.

ಕಾಯುವ ಹೆಸರಿಗೆ ಇನ್ನೊಂದು ಅಪಾಯ. ಅಧಿವೇಶನ ಮುಗಿದಾಗ, ಅಥವಾ ಸದನ 30 ದಿನಕ್ಕಿಂತ ಹೆಚ್ಚು ಬಿಡುವು ಪಡೆದಾಗ, ಇತ್ಯರ್ಥವಾಗದ ಹೆಸರುಗಳು ಅಧ್ಯಕ್ಷರಿಗೆ ಮರಳುತ್ತವೆ. ಉಳಿಸಿಕೊಳ್ಳಲು ಸರ್ವಾನುಮತ ಬೇಕು. ಮರಳಿದ್ದನ್ನು ಹೊಸ ಸಂಖ್ಯೆಯಡಿ ಮತ್ತೆ ಕಳಿಸಬೇಕು.

ಹಾಗಾದರೆ ಖಾಲಿ ಕುರ್ಚಿಯ ಗತಿ? ಎರಡು ಕಳ್ಳದಾರಿಗಳಿವೆ. ಒಂದು ಬಿಡುವಿನ ಕಾಲದ ನೇಮಕ, ಅದು ಸಂವಿಧಾನದಲ್ಲೇ ಇದೆ. ಸೆನೆಟ್ ಇದನ್ನು ತಪ್ಪಿಸಲು ಮೂರು ದಿನಕ್ಕೊಮ್ಮೆ ಒಬ್ಬ ಸದಸ್ಯನನ್ನು ಕೂರಿಸಿ ಗಂಟೆ ಬಾರಿಸಿ ಏಳುವ ನಾಮಕಾವಾಸ್ತೆ ಸಭೆ ನಡೆಸುತ್ತದೆ. ಅಂಥ ಎರಡು ಸಭೆಗಳ ನಡುವೆ 2012ರ ಜನವರಿಯಲ್ಲಿ ಒಬಾಮಾ ಮಾಡಿದ ಕಾರ್ಮಿಕ ಮಂಡಳಿಯ ನೇಮಕಗಳನ್ನು ಸುಪ್ರೀಂ ಕೋರ್ಟ್ 2014ರ ಜೂನಿನಲ್ಲಿ 9-0ರಿಂದ ರದ್ದು ಮಾಡಿತು. 10 ದಿನಕ್ಕಿಂತ ಕಡಿಮೆ ಬಿಡುವು ಸಾಮಾನ್ಯವಾಗಿ ಬಿಡುವೇ ಅಲ್ಲ ಎಂದಿತು. ಎರಡನೆಯದು ಹಂಗಾಮಿ ನೇಮಕ. 1998ರ ಕಾಯ್ದೆಯಂತೆ ಉಪಾಧಿಕಾರಿ, ಬೇರೆಡೆ ಸೆನೆಟ್ ಒಪ್ಪಿಗೆ ಪಡೆದಿರುವ ಅಧಿಕಾರಿ, ಇಲ್ಲವೇ ಅದೇ ಸಂಸ್ಥೆಯಲ್ಲಿ ಹಿಂದಿನ ವರ್ಷದೊಳಗೆ 90 ದಿನ ದುಡಿದ ಹಿರಿಯ ನೌಕರ, ಈ ಮೂವರಲ್ಲಿ ಒಬ್ಬರು 210 ದಿನ ಕುರ್ಚಿ ನೋಡಿಕೊಳ್ಳಬಹುದು. ಹೊಸ ಅಧ್ಯಕ್ಷರ ಆರಂಭದಲ್ಲಿ ಇದು 300 ದಿನ. ಹೆಸರು ಸೆನೆಟ್ಟಿನಲ್ಲಿ ಬಾಕಿ ಇರುವಷ್ಟು ಕಾಲವೂ ಮುಂದುವರಿಯಬಹುದು. ಒಪ್ಪಿಗೆಯ ಗೊಡವೆಯೇ ಬೇಡವೆನ್ನುವ ಅಧ್ಯಕ್ಷನಿಗೆ ಹಂಗಾಮಿಗಳ ಸರಪಳಿ ಹೆಣೆಯಲು ಇದಕ್ಕಿಂತ ಒಳ್ಳೆಯ ದಾರ ಬೇಕಿಲ್ಲ.

ಹಲವು ಸದಸ್ಯರ ಆಯೋಗಗಳಲ್ಲಿ ಹಂಗಾಮಿಯೂ ಇಲ್ಲ, ಕೋರಂ, ಅಂದರೆ ತೀರ್ಮಾನಕ್ಕೆ ಬೇಕಾದ ಕನಿಷ್ಠ ಸದಸ್ಯರು, ಇಲ್ಲದಿದ್ದರೆ ಅಂಗಡಿ ಬಂದ್. ನಮ್ಮ ಚರ್ಚೆಗೆ ಎಲ್ಲಕ್ಕಿಂತ ಹತ್ತಿರದ ಉದಾಹರಣೆ ಅಮೆರಿಕದ ಫೆಡರಲ್ ಚುನಾವಣಾ ಆಯೋಗ. ಅದು ನಮ್ಮ ಆಯೋಗದಂತೆ ಚುನಾವಣೆ ನಡೆಸುವುದಿಲ್ಲ, ಚುನಾವಣೆಯ ಹಣವನ್ನು ನೋಡಿಕೊಳ್ಳುತ್ತದೆ. ಆರು ಆಯುಕ್ತರು, ಒಂದೇ ಪಕ್ಷದವರು ಮೂವರಿಗಿಂತ ಹೆಚ್ಚಿರಬಾರದು, ಯಾವ ಮುಖ್ಯ ತೀರ್ಮಾನಕ್ಕೂ ನಾಲ್ಕು ಮತ ಬೇಕು. ಎಲ್ಲರಿಗೂ ಸೆನೆಟ್ ಒಪ್ಪಿಗೆ ಕಡ್ಡಾಯ. 2019ರ ಆಗಸ್ಟ್ ಕೊನೆಗೆ ಒಬ್ಬರು ರಾಜೀನಾಮೆ ಕೊಟ್ಟು ಮೂವರೇ ಉಳಿದರು. 2020ರ ಜೂನಿನಲ್ಲಿ ಕೋರಂ ಮರಳಿತು, ಜುಲೈನಲ್ಲಿ ಮತ್ತೆ ಹೋಯಿತು, ಮತ್ತೆ ಸರಿಯಾದದ್ದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಅಧ್ಯಕ್ಷೀಯ ಚುನಾವಣೆಯೇ ಮುಗಿದಿತ್ತು. ಲೆಕ್ಕಪತ್ರಗಳು ಬಂದು ಬೀಳುತ್ತಿದ್ದವು, ಆದರೆ ಹೊಸ ತನಿಖೆ ಆರಂಭಿಸಲು, ದಂಡ ವಿಧಿಸಲು, ಸಲಹಾ ಅಭಿಪ್ರಾಯ ಕೊಡಲು ಅಧಿಕಾರವಿರಲಿಲ್ಲ. 2025ರ ಮೇ ತಿಂಗಳಲ್ಲಿ ಮತ್ತೊಮ್ಮೆ ಕೋರಂ ತಪ್ಪಿತು. ಸರ್ಕಾರಿ ನೌಕರರ ಮೇಲ್ಮನವಿ ಕೇಳುವ ಮೆರಿಟ್ ಸಿಸ್ಟಮ್ಸ್ ಮಂಡಳಿಯಂತೂ 2017ರ ಜನವರಿಯಿಂದ 2022ರ ಮಾರ್ಚಿನವರೆಗೆ, ಐದು ವರ್ಷಕ್ಕೂ ಮಿಕ್ಕಿ, ಕೋರಂ ಇಲ್ಲದೆ ಕೂತಿತ್ತು; 3,500ಕ್ಕೂ ಹೆಚ್ಚು ಪ್ರಕರಣಗಳು ರಾಶಿ ಬಿದ್ದವು.

ಇದೆಲ್ಲ ನಮ್ಮ ಹಿರಿಯರಿಗೆ ಗೊತ್ತಿರಲಿಲ್ಲವೆಂದಲ್ಲ. 1949ರ ಜೂನಿನಲ್ಲಿ ಸಂವಿಧಾನ ಸಭೆಯಲ್ಲಿ ಚುನಾವಣಾ ಆಯೋಗದ ಚರ್ಚೆ ಬಂದಾಗ ಶಿಬ್ಬನ್ ಲಾಲ್ ಸಕ್ಸೇನಾ ಅವರು ಮುಖ್ಯ ಆಯುಕ್ತರ ನೇಮಕವನ್ನು ಎರಡೂ ಸದನಗಳ ಜಂಟಿ ಅಧಿವೇಶನ ಮೂರನೇ ಎರಡು ಬಹುಮತದಿಂದ ದೃಢಪಡಿಸಲಿ ಎಂದು ತಿದ್ದುಪಡಿ ಮಂಡಿಸಿದರು. ಉತ್ತರ ಕೊಟ್ಟ ಡಾ. ಅಂಬೇಡ್ಕರ್ ಸೆನೆಟ್ ಪದ್ಧತಿಯನ್ನು ಹೆಸರಿಸಿಯೇ ಮಾತಾಡಿದರು. ಮೂರ್ಖನನ್ನೋ ಧೂರ್ತನನ್ನೋ ಸರ್ಕಾರದ ಹೆಬ್ಬೆರಳ ಕೆಳಗಿರುವವನನ್ನೋ ನೇಮಿಸುವುದನ್ನು ತಡೆಯುವ ಏರ್ಪಾಡು ಇಲ್ಲದಿದ್ದರೆ ಆಯುಕ್ತರಿಗೆ ಭದ್ರ ಅವಧಿ ಕೊಟ್ಟು ಪ್ರಯೋಜನವಿಲ್ಲ ಎಂದು ಒಪ್ಪಿದರು. ಆದರೆ ಸೆನೆಟ್ ದಾರಿ ಬಹಳ ನಿಧಾನ, ನೇಮಕ ತುರ್ತಾಗಿ ಆಗಬೇಕಾದಾಗ ಸಂಸತ್ತು ಕೂತಿರದೆ ಹೋಗಬಹುದು, ರಾಜಕೀಯವೂ ನುಸುಳುತ್ತದೆ ಎಂದರು. ಈ ಮೂರು ಆಕ್ಷೇಪಕ್ಕೂ ಉತ್ತರ ಕೊಡದ ಯಾವ ಕರಡೂ ಗಂಭೀರವಾದದ್ದಲ್ಲ.

ಸಂಸತ್ತು ಕೂತಿರುವುದಿಲ್ಲ ಎಂಬ ಅವರ ಮಾತು ಈಗ ಇನ್ನೂ ನಿಜ: 17ನೇ ಲೋಕಸಭೆ ಐದು ವರ್ಷದಲ್ಲಿ ಸೇರಿದ್ದು 274 ದಿನ. ಜೊತೆಗೆ ಅವರ ಕಾಲಕ್ಕಿಲ್ಲದ ನಾಲ್ಕನೇ ತೊಡಕೊಂದು ಸೇರಿಕೊಂಡಿದೆ, ಪಕ್ಷಾಂತರ ತಡೆಯುವ ಹತ್ತನೇ ಅನುಸೂಚಿ. ಅಮೆರಿಕದ ಸೆನೆಟರ್ ಪಕ್ಷದ ಮಾತು ಮೀರಿ ಮತ ಹಾಕಿದರೆ ಟಿಕೆಟ್ ಹೋಗಬಹುದೇನೋ, ಸ್ಥಾನ ಹೋಗುವುದಿಲ್ಲ. ನಿಮಗೆ ವಿಪ್ ಮೀರಿದರೆ ಸ್ಥಾನವೇ ಹೋಗುತ್ತದೆ. ಸರ್ಕಾರವೇ ಬಹುಮತ ಹಿಡಿದಿರುವ ಸದನದಲ್ಲಿ ವಿಪ್ ಜಾರಿ ಮಾಡಿ ಸರಳ ಬಹುಮತದಿಂದ ಒಪ್ಪಿಗೆ ಪಡೆಯುವುದು ಮಂತ್ರಿಮಂಡಲದ ತೀರ್ಮಾನಕ್ಕೆ ಇನ್ನೊಂದು ಮೊಹರು ಒತ್ತಿದಂತೆ. ಸಕ್ಸೇನಾ ಸೂತ್ರ ಹಿಡಿದರೆ, ಪೂರ್ಣ ಬಲದ 543 ಮತ್ತು 245 ಸೇರಿ 788ರಲ್ಲಿ 526 ಮತ ಬೇಕು. ಆಗ ಎರಡೂ ಕಡೆಯವರು ಒಪ್ಪದೆ ಯಾವ ಹೆಸರೂ ದಾಟದು, ಒಪ್ಪದಿದ್ದರೆ ಕುರ್ಚಿ ಖಾಲಿ.

ಹಾಗಾಗಿ ನಾವು ಸೂಚಿಸುವುದು ಸದನದ ಮತವನ್ನಲ್ಲ, ಸಮಿತಿಯ ಮತವನ್ನು. ಹತ್ತನೇ ಅನುಸೂಚಿಯ ಪದಗಳನ್ನು ಗಮನಿಸಿ, ಅದು ಹಿಡಿಯುವುದು ಸದನದಲ್ಲಿ ಹಾಕುವ ಮತವನ್ನು. ಸಮಿತಿಯ ಕೋಣೆಗೆ ವಿಪ್ಪಿನ ಕೈ ಚಾಚುವುದಿಲ್ಲ. ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಮಾದರಿ ಕಣ್ಣೆದುರಿಗೇ ಇದೆ: ಲೋಕಸಭೆಯ 15, ರಾಜ್ಯಸಭೆಯ 7, ಒಟ್ಟು 22 ಮಂದಿ, ಪಕ್ಷಬಲಕ್ಕೆ ತಕ್ಕ ಪ್ರಾತಿನಿಧ್ಯ, ವಿರೋಧ ಪಕ್ಷದವರೊಬ್ಬರು ಅಧ್ಯಕ್ಷರಾಗುವ ಅರ್ಧ ಶತಮಾನಕ್ಕೂ ಹಳೆಯ ವಾಡಿಕೆ. ಅಂಥ 22ರಲ್ಲಿ ಮೂರನೇ ಎರಡು ಎಂದರೆ 15. ಸಮಿತಿಗಳು ಅಧಿವೇಶನವಿಲ್ಲದಾಗಲೂ ಸೇರಬಹುದು, ಅಂಬೇಡ್ಕರರ ಎರಡನೇ ಆಕ್ಷೇಪಕ್ಕೆ ಅದೇ ಉತ್ತರ. ಫಿಲಿಪೀನ್ಸ್ ಹೀಗೇ ಮಾಡಿದೆ. ಅಲ್ಲಿ 12 ಸೆನೆಟರುಗಳು, ಕೆಳಮನೆಯ 12 ಸದಸ್ಯರು, ಸೆನೆಟ್ ಅಧ್ಯಕ್ಷರು ಸೇರಿ 25 ಮಂದಿಯ ನೇಮಕಾತಿ ಆಯೋಗ ಚುನಾವಣಾ ಆಯುಕ್ತರ ಹೆಸರನ್ನೂ ತೂಗುತ್ತದೆ, ಕಲಾಪದ 30 ದಿನಗಳೊಳಗೆ ತೀರ್ಮಾನಿಸಬೇಕೆಂದು ಸಂವಿಧಾನವೇ ಹೇಳುತ್ತದೆ.

ಗಡುವು ಇಟ್ಟರಷ್ಟೇ ಸಾಲದು, ಗಡುವು ಮೀರಿದರೆ ಏನು ಎಂದೂ ಬರೆಯಬೇಕು. ಕೀನ್ಯಾ 2011ರ ಕಾಯ್ದೆಯಲ್ಲಿ ಗಡುವಿನೊಳಗೆ ಸಂಸತ್ತು ಒಪ್ಪಲೂ ಇಲ್ಲ, ತಿರಸ್ಕರಿಸಲೂ ಇಲ್ಲವೆಂದರೆ ಒಪ್ಪಿದಂತೆಯೇ ಎಂದಿಟ್ಟಿದ್ದಾರೆ. ನಮ್ಮ ಹಳೆಯ ತಾಂಬೂಲದ ಶಾಸ್ತ್ರವೇ. ಅದರ ದೋಷವೆಂದರೆ ಬಹುಮತದವರು ಸಭೆಯನ್ನೇ ಕರೆಯದೆ ಕೂತು ಹೆಸರನ್ನು ದಾಟಿಸಬಹುದು. ಅಮೆರಿಕದ್ದು ಅದಕ್ಕೆ ತದ್ವಿರುದ್ಧ ದೋಷ. ನಮ್ಮ ಸಲಹೆ ನಡುವಿನದು: 45 ದಿನ; ಅಷ್ಟರಲ್ಲಿ ಸಾರ್ವಜನಿಕ ವಿಚಾರಣೆ ನಡೆದು ವರದಿ ಪ್ರಕಟವಾಗಿದ್ದರೆ ಮಾತ್ರ ಮೌನವನ್ನು ಸಮ್ಮತಿಯೆಂದು ತಿಳಿಯಬೇಕು; ವಿಚಾರಣೆಯೇ ನಡೆಯದಿದ್ದರೆ ಹೆಸರು ಬಿದ್ದುಹೋಗಬೇಕು. ಒಪ್ಪಿಗೆ ಬರುವತನಕ ಉಳಿದಿರುವ ಆಯುಕ್ತರಲ್ಲಿ ಹಿರಿಯರು ಕುರ್ಚಿ ನೋಡಿಕೊಳ್ಳಲಿ, ಹೊರಗಿನಿಂದ ಹಂಗಾಮಿಯನ್ನು ತರುವುದಕ್ಕೆ ಅವಕಾಶವೇ ಬೇಡ. ಸಮಿತಿ ತಿರಸ್ಕರಿಸಿದ ಹೆಸರನ್ನು ಅದೇ ಹುದ್ದೆಗೆ ಮತ್ತೆ ಕಳಿಸುವಂತಿಲ್ಲ ಎಂದೂ ಬರೆಯಿರಿ, ಕುಶಿಂಗರ ಮೂರು ಸುತ್ತು ನಮಗೆ ಬೇಡ.

ಈಗಿರುವ ಕಾಯ್ದೆಯಲ್ಲಿ ಮುಖ್ಯವಾಗಿ ಕೆಟ್ಟಿರುವುದು ಸಮಯ ಮತ್ತು ಕಾಗದ. ಕಾನೂನು ಸಚಿವರ ಶೋಧನಾ ಸಮಿತಿ ಐದು ಹೆಸರಿನ ಪಟ್ಟಿ ಕೊಡಬೇಕು, ಪ್ರಧಾನಿ, ಅವರು ಹೆಸರಿಸಿದ ಒಬ್ಬ ಸಂಪುಟ ಸಚಿವ, ಲೋಕಸಭೆಯ ವಿರೋಧ ಪಕ್ಷದ ನಾಯಕ ಸೇರಿ ಆರಿಸಬೇಕು. ಲೆಕ್ಕ 2-1 ಎಂಬುದು ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಎಂಟನೇ ಕಲಮಿನಲ್ಲಿದೆ: ಪಟ್ಟಿಯಲ್ಲಿಲ್ಲದವರನ್ನೂ ಪರಿಗಣಿಸಬಹುದು ಎನ್ನುತ್ತದೆ. ಹಾಗಿದ್ದರೆ ಶೋಧನೆ ಯಾತಕ್ಕೆ? 2024ರ ಮಾರ್ಚ್ 14ರ ಸಭೆ ಮುಗಿದ ಮೇಲೆ ಆಗ ಆ ಆಯ್ಕೆ ಸಮಿತಿಯಲ್ಲಿ ವಿರೋಧ ಪಕ್ಷದ ಕಡೆಯ ಸದಸ್ಯರಾಗಿದ್ದ ಅಧೀರ್ ರಂಜನ್ ಚೌಧರಿ, ಹಿಂದಿನ ರಾತ್ರಿ 212 ಹೆಸರು ಕೈಗೆ ಬಂದವು, ಅಂತಿಮ ಆರು ಹೆಸರು ಸಭೆಗೆ ತುಸು ಮೊದಲು ಬಂದವು ಎಂದು ಪತ್ರಕರ್ತರಿಗೆ ತಿಳಿಸಿದರು. 2025ರ ಫೆಬ್ರವರಿಯಲ್ಲಿ ಆಯ್ಕೆ ಸಮಿತಿ ಸೇರಿದ್ದು ಹಾಲಿ ಮುಖ್ಯ ಆಯುಕ್ತರು ನಿವೃತ್ತರಾಗುವ ಹಿಂದಿನ ದಿನ. ಆರು ವರ್ಷ ಇಲ್ಲವೇ 65ರ ವಯಸ್ಸು, ಯಾವುದು ಮೊದಲೋ ಅದು ಎಂದ ಮೇಲೆ ನಿವೃತ್ತಿಯ ದಿನಾಂಕ ನೇಮಕದ ದಿನವೇ ಗೊತ್ತಿರುತ್ತದೆ. 120 ದಿನ ಮೊದಲೇ ಪ್ರಕ್ರಿಯೆ ಶುರುವಾಗಬೇಕೆಂದು ಬರೆಯಲು ಏನು ಅಡ್ಡಿ? ಸೂಚಿತ ವ್ಯಕ್ತಿ ತನ್ನ ಆಸ್ತಿ, ನಿವೃತ್ತಿಯ ನಂತರ ಹಿಡಿದ ಹುದ್ದೆಗಳು, ಕುಟುಂಬದವರ ಸರ್ಕಾರಿ ಗುತ್ತಿಗೆಗಳು, ಇವಿಷ್ಟನ್ನು ವಿಚಾರಣೆಗೆ 15 ದಿನ ಮೊದಲು ಪ್ರಕಟಿಸಲಿ. 278ಇಯನ್ನು ಇಡಿಯಾಗಿ ನಕಲು ಮಾಡಬೇಕಿಲ್ಲ, ಎರಡು ಪುಟ ಸಾಕು.

ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ. 324ನೇ ವಿಧಿಯ ಎರಡನೇ ಉಪವಿಧಿ ರಾಷ್ಟ್ರಪತಿಯವರ ನೇಮಕವನ್ನು ಸಂಸತ್ತು ಮಾಡುವ ಕಾನೂನಿಗೆ ಒಳಪಡಿಸಿಯೇ ಇದೆ. 2023ರ ಕಾಯ್ದೆಯ ಆರು, ಏಳು, ಎಂಟನೇ ಕಲಮುಗಳನ್ನು ತಿದ್ದಿದರೆ ಆಯಿತು. ನಿಮ್ಮಲ್ಲಿ ಮಂತ್ರಿಗಳಾಗಿರುವವರನ್ನು ಬಿಟ್ಟು ಉಳಿದ ಯಾರೇ ಆದರೂ ಖಾಸಗಿ ಸದಸ್ಯರ ಮಸೂದೆಯಾಗಿ ಇದನ್ನು ತರಬಹುದು. ಅಂಥ ಮಸೂದೆಗಳು ಗೆಲ್ಲುವುದು ಅಪರೂಪ. ಈವರೆಗೆ ಕಾಯ್ದೆಯಾದವು 14, ಕೊನೆಯದು 1970ರಲ್ಲಿ. ಆದರೂ ಮಂಡನೆಯಾದ ಮಸೂದೆ ಅಚ್ಚಾಗುತ್ತದೆ, ಚರ್ಚೆಗೆ ಬಂದರೆ ಸಚಿವರು ಎದ್ದುನಿಂತು ಉತ್ತರ ಕೊಡಬೇಕಾಗುತ್ತದೆ. ನೋಟಿಸ್ ಅವಧಿ ಒಂದು ತಿಂಗಳು. ಚರ್ಚೆಗೆ ಸಿಗುವುದು ಶುಕ್ರವಾರ ಮಧ್ಯಾಹ್ನದ ಎರಡೂವರೆ ಗಂಟೆ. ಶುಕ್ರವಾರ ಮಧ್ಯಾಹ್ನ ಬೆಂಗಳೂರಿನ ವಿಮಾನ ಹಿಡಿಯುವ ಅಭ್ಯಾಸವಿರುವವರು ಆ ವಾರವೊಂದನ್ನು ಬಿಟ್ಟುಕೊಟ್ಟು, ಕೋರಂಗೆ ಬೇಕಾದ ಜನವನ್ನು ಜೊತೆಗೆ ಕೂರಿಸಿಕೊಳ್ಳಿ.

ಇಂತಿ,
ಶಾಸನಸಭಾ ನಿಯಮಾವಳಿಗಳ ಕೆಲವು ಓದುಗರು